ಮಾಗಡಿ ರಸ್ತೆಯ ಎರಡೂ ತುದಿಯ ಕಲ್ಲು ಓದಿದ ರೈಸ್

ಕಾಮಾಕ್ಷಿಪಾಳ್ಯದ ಅಂಗಡಿಯವರಿಗೆ ಅವೆನ್ಯೂ ರಸ್ತೆ ಹೊಸದಲ್ಲ. ಸಾಮಾನು ತರೋಕೆ ಮಾಗಡಿ ರಸ್ತೆ ಹಿಡಿದು ಪೇಟೆಗೆ ಹೋದಾಗ ಅಲ್ಲಿನ ರೈಸ್ ಮೆಮೋರಿಯಲ್ ಚರ್ಚ್ ಮುಂದೆ ಎಷ್ಟೋ ಸಲ ಹಾದು ಬಂದಿರ್ತೀವಿ. ಚರ್ಚಿನ ಹೆಸರಲ್ಲಿರೋ ರೈಸ್ ಒಬ್ಬ ಪಾದ್ರಿ. ಅವರ ಮಗ ಬೆಂಜಮಿನ್ ಲೂಯಿಸ್ ರೈಸ್ ಮಾತ್ರ ನಮ್ಮ ಊರೂರಿನ ಹಿರೀಕರ ಹೆಸರು ಹುಡುಕುತ್ತಾ ಜೀವನ ಕಳೆದರು.

ಈ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ವಾಪಸ್ ಬಂದು, ಮುಂದೆ ಸೆಂಟ್ರಲ್ ಕಾಲೇಜ್ ಆದ ಶಾಲೆಯ ಮುಖ್ಯಸ್ಥರಾದರು. ಆಮೇಲೆ ಮೈಸೂರು, ಕೊಡಗಿನ ಶಾಲೆಗಳ ತಪಾಸಣೆ ಕೆಲಸ ಸಿಕ್ಕಿತು. ಜೊತೆಗೆ ಮೇಜರ್ ಡಿಕ್ಸನ್ 1865ರಲ್ಲಿ ತೆಗೆದಿದ್ದ ಶಾಸನಗಳ ಫೋಟೊ ಓದಿ ಅನುವಾದಿಸುವ ಕೆಲಸವೂ ಅವರ ಪಾಲಿಗೆ ಬಂತು. ಪಂಡಿತರ ನೆರವಿನಿಂದ ಅದನ್ನು ಮುಗಿಸಿ 1879ರಲ್ಲಿ ಪುಸ್ತಕ ತಂದರು.

ಅಲ್ಲಿಗೇ ನಿಲ್ಲಲಿಲ್ಲ. ದೇವಸ್ಥಾನದ ಅಂಗಳ, ಕೆರೆ ಏರಿ, ಹೊಲದ ಬದು ಎನ್ನದೆ ಕಲ್ಲಿದ್ದ ಕಡೆ ತಮ್ಮ ಜನರನ್ನು ಕಳಿಸಿ ಪ್ರತಿ ತೆಗೆಸಿದರು. 1886ರಿಂದ ಶುರುವಾದ ಎಪಿಗ್ರಾಫಿಯಾ ಕರ್ನಾಟಿಕಾ 12 ಸಂಪುಟಗಳಾಯ್ತು, ಸುಮಾರು 9000 ಶಾಸನಗಳು ಅಚ್ಚಾದವು. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ. ಅದರಲ್ಲಿ ಬೆಂಗಳೂರು ತಾಲ್ಲೂಕೂ ಇದೆ, ಮಾಗಡಿ ತಾಲ್ಲೂಕೂ ಇದೆ. ಅಂದರೆ ನಮ್ಮ ರಸ್ತೆಯ ಎರಡೂ ತುದಿ.

ಈ ಶಾಸನಗಳಿಂದ ರೈಸ್ ರಾಜವಂಶಗಳ ವಂಶಾವಳಿ ಜೋಡಿಸಿದರು. ಗಂಗರ ವಿಷಯದಲ್ಲಿ ದೊಡ್ಡ ಜಗಳವೇ ಎದ್ದಿತು. ಹಲವು ತಾಮ್ರಪಟಗಳು ಖೊಟ್ಟಿ, ಆ ವಂಶಾವಳಿ ನಂಬೋ ಹಾಗಿಲ್ಲ ಅಂತ ಇನ್ನೊಬ್ಬ ವಿದ್ವಾಂಸ ಫ್ಲೀಟ್ ವಾದಿಸಿದರು. ರೈಸ್ ಜಗ್ಗಲಿಲ್ಲ. ಕೊನೆಗೆ ಕೆಲವು ತಾಮ್ರಪಟ ಖೊಟ್ಟಿ, ಕೆಲವು ಅಸಲಿ ಅನ್ನೋದು ವಿದ್ವಾಂಸರ ತೀರ್ಮಾನವಾಯ್ತು. ಭೂಮಿಯ ಹಕ್ಕಿಗಾಗಿ ಹಳೇ ಪತ್ರ ಸೃಷ್ಟಿಸೋದು ಇವತ್ತಿನ ಕಸುಬಲ್ಲ ನೋಡಿ!

ಆದರೆ ರೈಸ್ ಬರೆಸಿಕೊಂಡಿದ್ದು ರಾಜರ ಹೆಸರನ್ನಷ್ಟೇ ಅಲ್ಲ. ದನ ಕಾಯೋಕೆ ಹೋಗಿ ಸತ್ತವನು, ಊರು ಉಳಿಸಿ ಮಡಿದವನು, ಕೆರೆ ಕಟ್ಟಿಸಿದವನು, ಇಂಥವರ ಹೆಸರೂ ಆ ಸಂಪುಟಗಳಲ್ಲಿವೆ. ಸತ್ತವನ ಮನೆಯವರಿಗೆ ಕೊಟ್ಟ ಗದ್ದೆಯ ಲೆಕ್ಕವೂ ಎಷ್ಟೋ ವೀರಗಲ್ಲುಗಳಲ್ಲಿದೆ. ಮನೆಯ ಕಾಗದ ಗೆದ್ದಲು ತಿಂದರೂ ಕಲ್ಲು ಆ ಹೆಸರನ್ನು ಕಾಪಾಡಿಕೊಂಡಿತ್ತು.

ರೈಸ್ 1906ರಲ್ಲಿ ನಿವೃತ್ತರಾದರು. ಕೆಲಸವನ್ನು ಆರ್. ನರಸಿಂಹಾಚಾರ್ ಮುಂದುವರಿಸಿದರು. 1927ರಲ್ಲಿ, 90ರ ಹೊಸ್ತಿಲಲ್ಲಿ, ರೈಸ್ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಅವರು ದಾಖಲಿಸಿದ ಕಲ್ಲುಗಳಲ್ಲಿ ಹಲವು ಈಗ ಜಾಗದಲ್ಲಿಲ್ಲ. ಲೇಔಟ್ ಬಂತು, ರಸ್ತೆ ಅಗಲವಾಯ್ತು, ಕಲ್ಲು ಹೋಯ್ತು. ಪುಸ್ತಕದಲ್ಲಿ ಪಾಠ ಉಳಿದದ್ದೇ ಪುಣ್ಯ. ಹಾಗಂತ ಎಲ್ಲವೂ ಮುಗಿದಿಲ್ಲ. ಕಿತ್ತಯ್ಯ ಎಂಬ ವೀರನ ಹೆಸರಿರುವ, ಸುಮಾರು 750ರ ಕಾಲದ ಕಲ್ಲು ಹೆಬ್ಬಾಳದಲ್ಲಿ ಸಿಕ್ಕಿದ್ದು 2018ರಲ್ಲಿ.

ಹಾಗಾಗಿ ಪಾಯ ಅಗೆಯುವಾಗ, ಮೋರಿ ತೋಡುವಾಗ ಅಕ್ಷರ ಇರೋ ಕಲ್ಲು ಕಂಡರೆ ಮೆಟ್ಟಿಲಿಗೋ ಬಟ್ಟೆ ಒಗೆಯೋಕೋ ಹಾಕಬೇಡಿ. ಬಣ್ಣ ಬಳಿಯಬೇಡಿ. ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಅದರಲ್ಲಿ ಯಾರ ಮನೆ ಹಿರೀಕರ ಹೆಸರಿದೆಯೋ ಯಾರು ಬಲ್ಲರು?