ಗುಬ್ಬಿಯ ವ್ಯಾಪಾರಿ ತೋಟದಪ್ಪ: ಮಕ್ಕಳಿಲ್ಲದ ಮನೆ, ಸಾವಿರ ಮಕ್ಕಳಿಗೆ ನೆರಳು

ಕಂಬದೂರು: ಕಲ್ಯಾಣದುರ್ಗ, ಕಂಬದೂರು ಕಡೆಯಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋದವರು ಇಳಿಯೋದು ಮೆಜೆಸ್ಟಿಕ್‌ನಲ್ಲಿ. ಹಿಂದೂಪುರದಲ್ಲಿ ರೈಲು ಹತ್ತಿದವರು ಇಳಿಯೋದು ಅದರ ಪಕ್ಕದ ಸಿಟಿ ಸ್ಟೇಷನ್‌ನಲ್ಲಿ. ಎರಡಕ್ಕೂ ಹತ್ತಿರದ ರಸ್ತೆಯೊಂದಕ್ಕೆ ಗುಬ್ಬಿ ತೋಟದಪ್ಪ ರಸ್ತೆ ಅಂತ ಹೆಸರು. ಚೀಲ ಹಿಡಿದು ಆ ದಾರಿಯಲ್ಲಿ ಓಡಾಡಿದ ನಮ್ಮ ಕಡೆಯವರಿಗೆ ಹೆಸರು ಚೆನ್ನಾಗಿ ಗೊತ್ತು. ಆದರೆ ಆ ಮನುಷ್ಯ ಯಾರು ಅನ್ನೋದು ಗೊತ್ತಿರುವವರು ಕಡಿಮೆ.

ಗುಬ್ಬಿ ಅಂದ ಕೂಡಲೇ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಅದೇ ಊರಿನ ಇನ್ನೊಬ್ಬ ದೊಡ್ಡ ಮನುಷ್ಯ ತೋಟದಪ್ಪ. ನಮ್ಮ ನೆರೆಯ ಪಾವಗಡ ಇರುವ ತುಮಕೂರು ಜಿಲ್ಲೆಯಲ್ಲೇ ಗುಬ್ಬಿಯೂ ಇದೆ. ಹಿಂದಿನಿಂದಲೂ ಸಂತೆಗೆ, ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು ಅದು. ಅಲ್ಲಿನ ಲಿಂಗಾಯತ ಕುಟುಂಬವೊಂದರಲ್ಲಿ ತೋಟದಪ್ಪ ಹುಟ್ಟಿದ್ದು 1838ರಲ್ಲಿ.

ಪೇಟೆಯ ಬದುಕು

ಮನೆಯವರು ಊರು ಬಿಟ್ಟು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ನೆಲೆಸಿದರು. ವ್ಯಾಪಾರವೇ ಮನೆತನದ ಕಸುಬು. ಬೆಂಗಳೂರು ಆಗ ಎರಡು ಊರಿನ ಹಾಗಿತ್ತು. ಒಂದು ಕಡೆ ಬ್ರಿಟಿಷರ ದಂಡು, ಇನ್ನೊಂದು ಕಡೆ ಮೈಸೂರು ಅರಸರ ಆಡಳಿತದ ಹಳೇ ಪೇಟೆ. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ದುಡಿದು ಬೆಳೆದ ವ್ಯಾಪಾರಿಗಳ ಸಾಲಿನಲ್ಲಿ ತೋಟದಪ್ಪನವರೂ ಒಬ್ಬರು. ದುಡಿಮೆ ಕೈಹಿಡಿಯಿತು, ಆಸ್ತಿ ಕೂಡಿತು.

ಆದರೆ ಆ ಆಸ್ತಿಗೆ ವಾರಸುದಾರರಿರಲಿಲ್ಲ. ತೋಟದಪ್ಪ, ಗೌರಮ್ಮ ದಂಪತಿಗೆ ಮಕ್ಕಳಾಗಲಿಲ್ಲ. ಆ ಕಾಲದಲ್ಲಿ ಮಕ್ಕಳಿಲ್ಲದವರನ್ನು ಜನ ಹೇಗೆ ನೋಡುತ್ತಿದ್ದರು ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ. ಗಂಡ ಹೆಂಡತಿ ಮಾತ್ರ ಗಳಿಸಿದ್ದನ್ನು ಊರಿನ ಉಪಯೋಗಕ್ಕೇ ಕೊಡುವ ತೀರ್ಮಾನ ಮಾಡಿದರು.

ರೈಲು ಇಳಿದ ಜಾಗದಲ್ಲೇ ಛತ್ರ

ದಾನ ಮಾಡುವುದರಲ್ಲೂ ತೋಟದಪ್ಪ ವ್ಯಾಪಾರಿಯ ಲೆಕ್ಕಾಚಾರ ಬಿಡಲಿಲ್ಲ. ಜನ ಎಲ್ಲಿ ಬಂದು ಇಳಿಯುತ್ತಾರೋ ಅಲ್ಲೇ ಅವರಿಗೆ ನೆರಳು ಬೇಕು. ಹೊತ್ತು ಮೀರಿ ರೈಲು ಇಳಿದ ಬಡ ಪ್ರಯಾಣಿಕ ಗಂಟುಮೂಟೆ ಹೊತ್ತು ಎಲ್ಲಿಗೆ ಹೋಗಬೇಕು? 1897ರಲ್ಲಿ ಅವರು ರೈಲ್ವೆಯವರಿಂದಲೇ ನಿಲ್ದಾಣದ ಹತ್ತಿರ ಜಾಗ ಕೊಂಡರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಬಂತು, ಪೇಟೆ ತತ್ತರಿಸಿತು. ಆದರೂ ಕೆಲಸ ಕೈಬಿಡಲಿಲ್ಲ. 1903ರ ಫೆಬ್ರುವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಧರ್ಮಛತ್ರವನ್ನು ಉದ್ಘಾಟಿಸಿದರು. ದೂರದ ಊರುಗಳಿಂದ ಬಂದ ಪ್ರಯಾಣಿಕರಿಗೆ ಅಲ್ಲಿ ಉಚಿತವಾಗಿ ತಂಗಲು ಜಾಗ ಸಿಕ್ಕಿತು.

ಅದರ ಜೊತೆಗೇ ಇನ್ನೊಂದು ಕೆಲಸ ನಡೆಯಿತು. ಓದಲು ಬೆಂಗಳೂರಿಗೆ ಬರುವ ಹಳ್ಳಿ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ಆಯಿತು. ಹಳ್ಳಿಯಲ್ಲಿ ಓದುವ ತಲೆ ಇದ್ದರೂ ಪಟ್ಟಣದಲ್ಲಿ ಇರಲು ಜಾಗವಿಲ್ಲದೆ ಓದು ನಿಂತುಹೋಗುತ್ತಿದ್ದ ಕಾಲ ಅದು. 1905ರಲ್ಲಿ ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದು ಕೊಟ್ಟರು. ಬ್ರಿಟಿಷ್ ಸರ್ಕಾರದ ರಾವ್ ಬಹದ್ದೂರ್ ಬಿರುದೂ ಅವರ ಹೆಸರಿಗೆ ಸೇರಿತು.

ಕೊನೆಗಾಲದಲ್ಲಿ ತೋಟದಪ್ಪ ತಮ್ಮ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದುಕೊಟ್ಟರು. ಅದರ ಮೊದಲ ಅಧ್ಯಕ್ಷತೆ ವಹಿಸಿದ್ದು, ಬೆಂಗಳೂರಿನ ಪುರಭವನಕ್ಕೆ ಯಾರ ಹೆಸರಿದೆಯೋ ಅದೇ ಕೆ.ಪಿ. ಪುಟ್ಟಣ್ಣ ಚೆಟ್ಟಿ. ನಂಬಿಕಸ್ಥರ ಕೈಗೆ ಒಪ್ಪಿಸಿದರೆ ಮಾತ್ರ ದಾನ ಉಳಿಯುತ್ತದೆ ಅನ್ನೋದು ವ್ಯಾಪಾರ ಮಾಡಿದವರಿಗೆ ತಿಳಿಯದ ಮಾತಲ್ಲ. 1910ರಲ್ಲಿ ತೋಟದಪ್ಪ ತೀರಿಕೊಂಡರು.

ಅಲ್ಲಿ ಉಳಿದ ಒಬ್ಬ ಹುಡುಗ

ಇದಾಗಿ ಹದಿನೇಳು ವರ್ಷಕ್ಕೆ, 1927ರಲ್ಲಿ, ಮಾಗಡಿ ಸೀಮೆಯ ವೀರಾಪುರದ ಒಬ್ಬ ಹುಡುಗ ಸೆಂಟ್ರಲ್ ಕಾಲೇಜಿಗೆ ಸೇರಲು ಬೆಂಗಳೂರಿಗೆ ಬಂದ. ಉಳಿದುಕೊಂಡಿದ್ದು ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. ಆತನೇ ಮುಂದೆ 1930ರಲ್ಲಿ ಸನ್ಯಾಸ ಸ್ವೀಕರಿಸಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಆದದ್ದು. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ತನಕ ಜಾತಿ ಮತ ನೋಡದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಒಬ್ಬ ವ್ಯಾಪಾರಿ ಕೊಟ್ಟ ಜಾಗದಲ್ಲಿ ಓದಿದ ಹುಡುಗ ಊರ ಮಕ್ಕಳಿಗೆಲ್ಲ ಜಾಗ ಮಾಡಿಕೊಟ್ಟ. ಹಾಕಿದ ಬಂಡವಾಳಕ್ಕೆ ಇದಕ್ಕಿಂತ ಲಾಭ ಇನ್ನೇನು ಬೇಕು?

ತೋಟದಪ್ಪನವರ ಹೆಸರಿನ ವಿದ್ಯಾರ್ಥಿನಿಲಯಗಳು ಮುಂದೆ ಕರ್ನಾಟಕದ ಬೇರೆ ಊರುಗಳಿಗೂ ಹರಡಿದವು. 2005ರಲ್ಲಿ ಟ್ರಸ್ಟ್ ಹಳೆಯ ಛತ್ರವನ್ನು ನವೀಕರಿಸಿ, ಬೆಲ್ ಹೋಟೆಲ್ ಕಟ್ಟಿಸಿತು. ಅದರ ಆದಾಯ ವಿದ್ಯಾರ್ಥಿನಿಲಯಗಳ ಖರ್ಚಿಗೆ ಒದಗುವ ಹಾಗೆ ಏರ್ಪಾಡು ಮಾಡಲಾಯಿತು. ವ್ಯಾಪಾರದ ದುಡ್ಡಿನಿಂದ ಶುರುವಾದ ಧರ್ಮವನ್ನು ಮತ್ತೆ ದುಡಿಮೆಯೇ ನಡೆಸಬೇಕಾಯಿತು.

ನಮ್ಮ ಗಡಿಯ ಊರುಗಳಲ್ಲೂ ಅಂಗಡಿ ಇಟ್ಟು ಬೆಳೆದವರಿದ್ದಾರೆ. ಓದಲು ಬೆಂಗಳೂರಿಗೋ ಅನಂತಪುರಕ್ಕೋ ಹೋಗಬೇಕಾದ ಮಕ್ಕಳೂ ಇದ್ದಾರೆ. ಪರ ಊರಿನಲ್ಲಿ ಒಂದು ಕೋಣೆ, ಎರಡು ಹೊತ್ತಿನ ಊಟ ಸಿಕ್ಕರೆ ಒಂದು ಮನೆಯ ಹಣೆಬರಹವೇ ಬದಲಾಗುತ್ತದೆ. ಅಷ್ಟನ್ನು ಮಾಡಿಕೊಡಲು ದೊಡ್ಡ ಊರಿನವರೇ ಆಗಬೇಕಿಲ್ಲ ಅಂತ ಗುಬ್ಬಿಯ ಈ ವ್ಯಾಪಾರಿ ನೂರು ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.