ಮನೆತನದ ಹೆಸರನ್ನು ಕಳಚಿಟ್ಟ ನಟ್ಟಾಲಂನ ನೀಲಕಂಠ

ಪನ್ವೇಲ್‌ನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 66 ನಮ್ಮವರಿಗೆಲ್ಲ ಊರಿನ ದಾರಿ. ನಾವು ಉಡುಪಿ, ಮಂಗಳೂರಿನಲ್ಲಿ ಇಳಿದುಕೊಂಡರೂ ರಸ್ತೆ ಅಲ್ಲಿಗೆ ಮುಗಿಯುವುದಿಲ್ಲ. ಕೇರಳದುದ್ದಕ್ಕೂ ಸಾಗಿ, ತಿರುವನಂತಪುರ ದಾಟಿ, 2025ರ ಮೇ 2ರಂದು ಲೋಕಾರ್ಪಣೆಗೊಂಡ ವಿಳಿಂಜಂ ಬಂದರಿನ ಸಮೀಪದಿಂದಲೇ ಕನ್ಯಾಕುಮಾರಿ ತಲುಪುತ್ತದೆ. ಈ ಕೊನೆಯ ಹಾದಿಯ ಆಸುಪಾಸಿನಲ್ಲಿರುವ ನಟ್ಟಾಲಂ ಎಂಬ ಹಳ್ಳಿಯಲ್ಲಿ 1712ರ ಎಪ್ರಿಲ್ 23ರಂದು ಜನಿಸಿದವರೇ ನೀಲಕಂಠ ಪಿಳ್ಳೈ. ಇಂದು ಜಗತ್ತು ಅವರನ್ನು ಸಂತ ದೇವಸಹಾಯಂ ಎಂದು ಗುರುತಿಸುತ್ತದೆ.

ತಂದೆ ವಾಸುದೇವನ್ ನಂಬೂದಿರಿ, ತಾಯಿ ನಾಯರ್ ಮನೆತನದ ದೇವಕಿ ಅಮ್ಮ. ನಮ್ಮ ಅಳಿಯಕಟ್ಟಿನಂತೆಯೇ ನಾಯರರಲ್ಲಿ ಮರುಮಕ್ಕತ್ತಾಯಂ ಪದ್ಧತಿ ಇದ್ದುದರಿಂದ ಬಾಲಕ ನೀಲಕಂಠ ಸೋದರಮಾವನ ಆಶ್ರಯದಲ್ಲಿ ಬೆಳೆದರು. ತರವಾಡು ಯಾವುದು, ಮಾವ ಯಾರು ಎಂಬುದರ ಮೇಲೆಯೇ ವ್ಯಕ್ತಿಯ ಬೆಲೆ ನಿರ್ಧಾರವಾಗುತ್ತಿದ್ದ ಕಾಲವದು. ಶಿಕ್ಷಣ ಪಡೆದ ನೀಲಕಂಠರು ತಿರುವಾಂಕೂರಿನ ಮಹಾರಾಜ ಮಾರ್ತಾಂಡ ವರ್ಮನ ರಾಜಧಾನಿ ಪದ್ಮನಾಭಪುರದಲ್ಲಿ ಅರಮನೆಯ ನೌಕರರಾದರು. ಭಾರ್ಗವಿ ಅಮ್ಮಾಳ್ ಅವರನ್ನು ವಿವಾಹವಾದರು.

1741ರ ಕುಳಚಲ್ ಯುದ್ಧದಲ್ಲಿ ಡಚ್ಚರು ಸೋತಾಗ ಸೆರೆಸಿಕ್ಕ ಡಿ ಲನ್ನೋಯ್ ಎಂಬ ಅಧಿಕಾರಿ ಮುಂದೆ ಮಹಾರಾಜನ ಸೇನೆಯನ್ನೇ ತರಬೇತುಗೊಳಿಸಿದ. ಈತನ ಜತೆ ನೀಲಕಂಠರಿಗೆ ಸ್ನೇಹ ಬೆಳೆಯಿತು. ಆಸ್ತಿ, ಜಾನುವಾರು ನಷ್ಟದಿಂದ ನೊಂದಿದ್ದ ಗೆಳೆಯನಿಗೆ ಡಿ ಲನ್ನೋಯ್ ಬೈಬಲಿನ ಯೋಬನ ಕಥೆ ಹೇಳಿದನೆಂಬುದು ಪ್ರತೀತಿ. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆ ಅವರ ಮನಸ್ಸಿಗೆ ನಾಟಿತು. 1745ರಲ್ಲಿ, ಇಂದಿನ ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂನಲ್ಲಿ ಜೆಸ್ವಿತ್ ಗುರು ಬುಟ್ಟಾರಿ ಅವರಿಂದ ದೀಕ್ಷಾಸ್ನಾನ ಪಡೆದರು. ಲಾಜರಸ್ ಎಂಬ ಹೆಸರಿನ ಅರ್ಥವನ್ನೇ ಹೊತ್ತ ದೇವಸಹಾಯಂ ಅವರ ಹೊಸ ಹೆಸರಾಯಿತು. ಪತ್ನಿಯೂ ಅದೇ ದಾರಿ ಹಿಡಿದರು.

ವಿಳಿಂಜಂ ಕರಾವಳಿಯ ಮೀನುಗಾರರಲ್ಲಿ ಕ್ರೈಸ್ತ ಧರ್ಮ 16ನೇ ಶತಮಾನದಲ್ಲೇ ಬೇರೂರಿತ್ತು. ಆದರೆ ಅರಮನೆಯ ಮೇಲ್ಜಾತಿಯ ನೌಕರನೊಬ್ಬ ಆ ಸಾಲಿಗೆ ಬಂದು ನಿಂತುದು, ಕೆಳಜಾತಿಯವರೆನಿಸಿಕೊಂಡವರೊಡನೆ ಭೇದವಿಲ್ಲದೆ ಬೆರೆತುದು ಅಂದಿನವರಿಗೆ ಸಹಿಸಲಾಗದ ಸಂಗತಿಯಾಯಿತು. 1749ರಲ್ಲಿ ಬಂಧನವಾಯಿತು. ಎಮ್ಮೆಯ ಮೇಲೆ ಕೂರಿಸಿ ಊರೂರು ಮೆರವಣಿಗೆ ಮಾಡಿದರು, ಚಿತ್ರಹಿಂಸೆ ನೀಡಿದರು. ಹಳೆಯ ಬದುಕಿಗೆ ಮರಳಲು ಅವರು ಒಪ್ಪಲಿಲ್ಲ. 1752ರ ಜನವರಿ 14ರಂದು ಆರಲ್ವಾಯ್ಮೊಳಿ ಬಳಿಯ ಕಾಟ್ಟಾಡಿಮಲೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗಿನ್ನೂ 39 ವರ್ಷ. ಅವಶೇಷಗಳನ್ನು ನಾಗರಕೋವಿಲ್‌ನ ಕೋಟ್ಟಾರ್ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಗರ್ಜಿಯಲ್ಲಿ ಸಮಾಧಿ ಮಾಡಲಾಯಿತು.

ಕ್ರೈಸ್ತನಾದ ಡಿ ಲನ್ನೋಯ್‌ಗೆ ಉನ್ನತ ಸ್ಥಾನ ನೀಡಿದ ಅರಸ ಮತಾಂತರಕ್ಕಾಗಿ ಮರಣದಂಡನೆ ವಿಧಿಸಿರಲಾರ, ಆರೋಪ ರಾಜ್ಯಾಡಳಿತಕ್ಕೆ ಸಂಬಂಧಿಸಿದ್ದೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಆದರೆ ಹೊರನಾಡಿನಿಂದ ಬಂದವನಿಗೆ ಸಿಕ್ಕ ರಿಯಾಯಿತಿ ಮನೆಮಗನಿಗೆ ಸಿಗದಿರುವುದು ನಮಗೇನೂ ಹೊಸ ವಿಷಯವಲ್ಲ. ಡಿ ಲನ್ನೋಯ್ ಯಾವ ತರವಾಡನ್ನೂ ತೊರೆದು ಬಂದಿರಲಿಲ್ಲ.

ಹೊಸ ಧರ್ಮದೊಳಗೂ ಜಾತಿ ಬೆನ್ನು ಬಿಡಲಿಲ್ಲ. ಅವರು ದೀಕ್ಷೆ ಪಡೆದ ವಡಕ್ಕನ್‌ಕುಳಂನಲ್ಲೇ 19ನೇ ಶತಮಾನದಲ್ಲಿ ಕಟ್ಟಿದ ಇಗರ್ಜಿಯಲ್ಲಿ ಜಾತಿಗಳನ್ನು ಬೇರ್ಪಡಿಸುವ ವ್ಯವಸ್ಥೆಯಿತ್ತು. ಆ ಅಡ್ಡಗೋಡೆ ಬಿದ್ದುದು 1910ರಲ್ಲಿ.

2012ರ ಡಿಸೆಂಬರ್ 2ರಂದು ನಾಗರಕೋವಿಲ್‌ನಲ್ಲಿ ಅವರನ್ನು ಪುನೀತರೆಂದು ಘೋಷಿಸಿದಾಗ ಹೆಸರಿನ ಕೊನೆಯಲ್ಲಿ ಪಿಳ್ಳೈ ಇತ್ತು. ಅದು ಜಾತಿಸೂಚಕ ಎಂಬ ಆಕ್ಷೇಪ ಬಂದ ಬಳಿಕ ವ್ಯಾಟಿಕನ್ ಅದನ್ನು ಕೈಬಿಟ್ಟಿತು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರು ದೇವಸಹಾಯಂ ಎಂಬಷ್ಟೇ ಹೆಸರಿನಲ್ಲಿ ಸಂತ ಪದವಿ ನೀಡಿದರು. ಭಾರತದ ಶ್ರೀಸಾಮಾನ್ಯ ಗೃಹಸ್ಥರೊಬ್ಬರಿಗೆ ಈ ಗೌರವ ಸಂದುದು ಇದೇ ಮೊದಲು.

ಪರವೂರಿನಲ್ಲಿ ಇಬ್ಬರು ನಮ್ಮವರು ಸಿಕ್ಕರೆ ಮೊದಲು ಕೇಳುವುದೇ ಯಾವ ಊರು, ಯಾವ ಮನೆ ಎಂದು. ಪ್ರೀತಿಯ ಪ್ರಶ್ನೆಯೇ, ತಪ್ಪೇನಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರಿಸಲು ನೀಲಕಂಠರಿಗೆ ಒಳ್ಳೆಯ ಮನೆತನವೇ ಇತ್ತು. ಅದನ್ನು ಬಿಟ್ಟು ತಾವೇ ಆರಿಸಿಕೊಂಡ ಹೆಸರಿನಲ್ಲಿ ಅವರು ಬದುಕಿದ್ದು ಏಳು ವರ್ಷವೂ ಇಲ್ಲ. ಇಂದು ಉಳಿದಿರುವುದು ಮಾತ್ರ ಆ ಹೆಸರೇ.