ಕಂಠಶೋಧಕ ಗಾನಾಚಾರ್ಯ ಮಾನುವೆಲ್ ಗಾರ್ಸಿಯಾ

ಸಂಗೀತವನ್ನು ಕಲಿಸತಕ್ಕವನಿಗೆ ಸ್ವರಜ್ಞಾನ ಲಯಜ್ಞಾನಗಳಿದ್ದರೆ ಸಾಕೆ, ಅಥವಾ ಆ ಸ್ವರವು ಹುಟ್ಟುವ ಕಂಠದ ರಚನೆಯನ್ನೂ ಆತನು ಅರಿತಿರಬೇಕೆ? ಈ ಪ್ರಶ್ನೆಗೆ ತನ್ನ ಆಯುಷ್ಯವನ್ನೇ ಉತ್ತರವಾಗಿ ಕೊಟ್ಟ ಮಹನೀಯನೊಬ್ಬನು ಪಶ್ಚಿಮ ಖಂಡದಲ್ಲಿ ಆಗಿಹೋದನು. ಸ್ಪೇನ್ ದೇಶದ ವಂಶದಲ್ಲಿ ಹುಟ್ಟಿ, ಫ್ರಾನ್ಸ್ ದೇಶದಲ್ಲಿ ವಿದ್ಯೆಯನ್ನು ಬೆಳೆಯಿಸಿ, ಆಂಗ್ಲ ದೇಶದಲ್ಲಿ ನೂರೊಂದು ವರ್ಷ ತುಂಬಿದ ಮೇಲೆ ದೇಹವಿಟ್ಟ ಮಾನುವೆಲ್ ಗಾರ್ಸಿಯಾ ಎಂಬಾತನೇ ಆ ಮಹನೀಯನು. ಬಾಯೊಳಗೆ ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನು ಹಿಡಿದು ಧ್ವನಿಪೆಟ್ಟಿಗೆಯನ್ನು ನೋಡುವ ಕ್ರಮವು ಇಂದು ಕಂಠವೈದ್ಯರಿಗೆ ಚಿರಪರಿಚಿತವಾದುದು. ಜೀವಂತ ಮನುಷ್ಯನಲ್ಲಿ ಸ್ವರವು ಹುಟ್ಟುವುದನ್ನು ಆ ಬಗೆಯಲ್ಲಿ ಕಂಡು ವಿದ್ವಜ್ಜನರಿಗೆ ನಿರೂಪಿಸಿದವನು ವೈದ್ಯನಲ್ಲ, ಹಾಡು ಕಲಿಸುವ ಉಪಾಧ್ಯಾಯನು.

ಕ್ರಿ. ಶ. ೧೮೦೫ನೆಯ ಇಸವಿಯ ಮಾರ್ಚ್ ೧೭ರಂದು ಈತನ ಜನನವಾಯಿತು. ತಂದೆಯ ಹೆಸರೂ ಮಾನುವೆಲ್ ಗಾರ್ಸಿಯಾ ಎಂದೇ. ಆ ತಂದೆಯು ಯುರೋಪಿನಲ್ಲೆಲ್ಲ ಹೆಸರಾದ ಗಾಯಕನು. ಮಾತೆಲ್ಲವೂ ಹಾಡಾಗಿಯೇ ನಡೆಯುವ ಗೀತನಾಟಕಗಳಲ್ಲಿ ನಾಯಕನ ಪಾತ್ರವನ್ನು ವಹಿಸುತ್ತಿದ್ದನು. ಇಟಲಿಯ ರೊಸ್ಸಿನಿಯು ೧೮೧೬ರಲ್ಲಿ ರೋಮಿನಲ್ಲಿ ಆಡಿಸಿದ ‘ಸೆವಿಲ್ಲಾದ ಕ್ಷೌರಿಕ’ ಎಂಬ ಗೀತನಾಟಕದ ನಾಯಕನ ಪಾತ್ರವು ಈತನ ಕಂಠಕ್ಕಾಗಿಯೇ ರಚಿತವಾದುದು. ತಾಯಿಯೂ ಗಾಯಕಿ. ತಂಗಿಯರಾದ ಮರಿಯಾ ಮಾಲಿಬ್ರಾನ್, ಪೌಲೀನ್ ವಿಯಾರ್ಡೊ ಇಬ್ಬರೂ ಮುಂದೆ ಗಾನಲೋಕದ ರತ್ನಗಳೆನಿಸಿದರು. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಹಾಡದೆ ಬೇರೆ ಗತಿಯಿರಲಿಲ್ಲ. ತಂದೆಯು ಶಿಕ್ಷಣದಲ್ಲಿ ಬಲು ಕಠಿನನು. ಮಕ್ಕಳ ತಾಲೀಮಿನಲ್ಲಿ ಕಿಂಚಿತ್ತೂ ಸಡಿಲು ಕೊಡುವವನಲ್ಲ.

೧೮೨೫ರಲ್ಲಿ ತಂದೆಯು ಹೆಂಡತಿ ಮಕ್ಕಳೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕ್ ಪಟ್ಟಣಕ್ಕೆ ಹೋದನು. ಆ ವರ್ಷದ ನವೆಂಬರ್ ೨೯ರಂದು ಅಲ್ಲಿಯ ಪಾರ್ಕ್ ನಾಟಕಶಾಲೆಯಲ್ಲಿ ಮೇಲೆ ಹೇಳಿದ ಗೀತನಾಟಕವೇ ಪ್ರಯೋಗವಾಯಿತು. ತಂದೆ ನಾಯಕನು, ಮರಿಯಾ ನಾಯಿಕೆ, ತಾಯಿಗೆ ದಾಸಿಯ ಪಾತ್ರ, ಇಪ್ಪತ್ತು ವರ್ಷದ ಮಗನಿಗೆ ಕ್ಷೌರಿಕನ ಪಾತ್ರ. ಮಗನ ಶಾರೀರವು ಸ್ವಭಾವತಃ ಬಲವಾದುದಲ್ಲ. ಧ್ವನಿ ಒಡೆಯುವ ವಯಸ್ಸಿನ ಶ್ರಮವೂ ರಂಗಭೂಮಿಯ ಬಿಡುವಿಲ್ಲದ ದುಡಿಮೆಯೂ ಕೂಡಿ ಅದನ್ನು ಕೆಡಿಸಿದುವೆಂದು ಚರಿತ್ರಕಾರರು ಹೇಳುತ್ತಾರೆ. ಯುರೋಪಿಗೆ ಮರಳಿದ ಕೆಲವೇ ವರ್ಷಗಳಲ್ಲಿ ಆತನು ರಂಗಭೂಮಿಯನ್ನು ಬಿಟ್ಟುಬಿಟ್ಟನು. ಪ್ರಾಯದ ಗಾಯಕನಿಗೆ ಕಂಠವೇ ಹೋದರೆ ಉಳಿಯುವುದೇನು? ಅನೇಕರಿಗೆ ಆ ನಷ್ಟವು ಬಾಳಿನ ಕೊನೆಯಾದೀತು.

ನಮ್ಮ ಪಾಠಶಾಲೆಗಳಲ್ಲಿ ಹನ್ನೆರಡು ಹದಿನಾಲ್ಕರ ವಟುಗಳಿಗೆ ಹಾಡುಗಾರಿಕೆಯನ್ನೂ ಪುರಾಣಪಠನವನ್ನೂ ಕಲಿಸುವವರು ಇಲ್ಲಿ ಕ್ಷಣಕಾಲ ನಿಂತು ಯೋಚಿಸತಕ್ಕದ್ದು. ಬೀಸುವ ಗಾಳಿಗೆ ಎಳೆಯ ಬಳ್ಳಿಯನ್ನು ಒಡ್ಡುವಂತೆ, ಒಡೆಯುತ್ತಿರುವ ಧ್ವನಿಯನ್ನು ತಾರಸ್ಥಾಯಿಗೆ ಏರಿಸುವ ಹಟವು ಗುರುವಿಗೆ ಶೋಭಿಸುವುದಲ್ಲ.

ಗಾರ್ಸಿಯಾನು ೧೮೩೦ರಲ್ಲಿ ಆಲ್ಜೀರ್ಸ್ ಪಟ್ಟಣದ ಮೇಲೆ ದಂಡೆತ್ತಿ ಹೋದ ಫ್ರೆಂಚ್ ಸೈನ್ಯದ ಸಾಮಗ್ರಿ ವಿಭಾಗದಲ್ಲಿ ಕೆಲಸ ಹಿಡಿದನು. ಮರಳಿ ಬಂದ ಮೇಲೆ ಸೈನಿಕರ ಆಸ್ಪತ್ರೆಗಳಲ್ಲಿ ಸೇರಿ ಶರೀರಶಾಸ್ತ್ರವನ್ನು, ಅದರಲ್ಲಿಯೂ ಕಂಠದ ರಚನೆಯನ್ನು, ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಕೋಳಿ, ಕುರಿ, ದನ ಮೊದಲಾದ ಸತ್ತ ಪ್ರಾಣಿಗಳ ಕಂಠನಾಳಗಳನ್ನು ಮನೆಗೆ ತಂದು, ತಿದಿಯಿಂದ ಅವುಗಳೊಳಗೆ ಗಾಳಿಯನ್ನು ಊದಿ, ಹೊರಡುವ ಸದ್ದನ್ನು ಪರೀಕ್ಷಿಸುತ್ತಿದ್ದನಂತೆ. ಅಹಿಂಸಾಪರರಾದ ಸದ್ಭಕ್ತರಿಗೆ ಈ ಮಾತು ಹೇಸಿಕೆಯನ್ನು ಹುಟ್ಟಿಸಬಹುದು. ಆದರೆ ತನ್ನ ಕಂಠವು ಏಕೆ ಕೆಟ್ಟಿತು, ಇನ್ನೊಬ್ಬರದು ಕೆಡದಂತೆ ಏನು ಮಾಡಬೇಕು ಎಂಬ ಹಂಬಲವೇ ಆತನನ್ನು ಈ ದಾರಿಗೆ ಎಳೆದಿರಬೇಕೆಂದು ತೋರುತ್ತದೆ. ಪಾರಿಸಿನಲ್ಲಿ ಹಾಡು ಕಲಿಸುತ್ತಲೇ ಈ ಶೋಧವನ್ನು ಮುಂದುವರಿಸಿ, ಮನುಷ್ಯಧ್ವನಿಯನ್ನು ಕುರಿತ ಪ್ರಬಂಧವನ್ನು ೧೮೪೦ರಲ್ಲಿ ಫ್ರಾನ್ಸಿನ ವಿಜ್ಞಾನ ಪರಿಷತ್ತಿಗೆ ಒಪ್ಪಿಸಿದನು. ಗಾನಕಲೆಯನ್ನು ಕುರಿತ ಆತನ ದೊಡ್ಡ ಗ್ರಂಥದ ಎರಡನೆಯ ಭಾಗವು ೧೮೪೭ರಲ್ಲಿ ಹೊರಬಿದ್ದಿತು.

ಈತನ ಗುರುತ್ವವು ಎಂಥದೆಂಬುದಕ್ಕೆ ಜೆನ್ನಿ ಲಿಂಡ್ ಎಂಬ ಸ್ವೀಡನ್ ದೇಶದ ಗಾಯಕಿಯ ವೃತ್ತಾಂತವೇ ಸಾಕ್ಷಿ. ೧೮೨೦ರಲ್ಲಿ ಹುಟ್ಟಿದ ಈಕೆಯು ಚಿಕ್ಕಂದಿನಲ್ಲಿಯೇ ಸ್ಟಾಕ್‌ಹೋಮಿನ ರಂಗಭೂಮಿಯಲ್ಲಿ ಕೀರ್ತಿ ಪಡೆದಳು. ಅತಿಯಾದ ದುಡಿಮೆಯಿಂದ ಧ್ವನಿಯು ದಣಿದು, ೧೮೪೧ರಲ್ಲಿ ಪಾರಿಸಿಗೆ ಬಂದು ಗಾರ್ಸಿಯಾನ ಮುಂದೆ ಹಾಡಿದಾಗ ನಡುವೆಯೇ ಕಂಠವು ಕೈಕೊಟ್ಟಿತು. ಆಚಾರ್ಯನು ಮುಖಸ್ತುತಿಯನ್ನು ಮಾಡಲಿಲ್ಲ. ಆಕೆಗೆ ಧ್ವನಿಯೆಂಬುದೇ ಉಳಿದಿಲ್ಲವೆಂದು ನಿಷ್ಠುರವಾಗಿ ತಿಳಿಸಿದನು. ಹಾಗೆಂದು ಬಾಗಿಲನ್ನೂ ಮುಚ್ಚಲಿಲ್ಲ. ಆರು ವಾರಗಳ ತನಕ ಒಂದು ಸ್ವರವನ್ನೂ ಹಾಡಬಾರದು, ಮಾತನ್ನೂ ಆದಷ್ಟು ಕಡಿಮೆ ಆಡಬೇಕು, ಆ ಬಳಿಕ ತಿರುಗಿ ಬರಬೇಕು ಎಂದು ವಿಧಿಸಿದನು. ಆಕೆಯು ಆ ಮೌನವ್ರತವನ್ನು ಕಣ್ಣೀರಿನೊಡನೆ ನಡೆಯಿಸಿ ಮರಳಿ ಬಂದಳು. ಕಂಠದ ದಣಿವು ಇಳಿದಿತ್ತು. ಮುಂದೆ ಸುಮಾರು ಹತ್ತು ತಿಂಗಳು, ವಾರಕ್ಕೆ ಎರಡು ಪಾಠದಂತೆ, ಉಸಿರನ್ನು ಹಿಡಿಯುವ ಬಗೆ, ಸ್ವರವನ್ನು ಎತ್ತುವ ಬಗೆ, ಸ್ವರದಿಂದ ಸ್ವರಕ್ಕೆ ಸಾಗುವ ಬಗೆ ಇವುಗಳನ್ನೆಲ್ಲ ಮೊದಲಿನಿಂದ ಕಲಿತಳು. ಕೆಲವು ವರ್ಷಗಳಲ್ಲಿ ಯುರೋಪ್ ಅಮೇರಿಕ ಖಂಡಗಳೆರಡೂ ಆಕೆಯ ಗಾನಕ್ಕೆ ತಲೆದೂಗಿದುವು. ಔಷಧವಿಲ್ಲ, ಶಸ್ತ್ರವಿಲ್ಲ, ಮೊದಲು ಮೌನ, ಆಮೇಲೆ ಶಿಕ್ಷಣ. ಇಂದಿನ ಧ್ವನಿಚಿಕಿತ್ಸಕರೂ ದಣಿದ ಕಂಠಕ್ಕೆ ವಿಶ್ರಾಂತಿಯನ್ನು ವಿಧಿಸುತ್ತಾರೆ, ಆದರೆ ಅಷ್ಟು ದೀರ್ಘವಾದ ಮೌನವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

೧೮೪೮ರಲ್ಲಿ ಗಾರ್ಸಿಯಾನು ಲಂಡನ್ ಪಟ್ಟಣಕ್ಕೆ ಬಂದು ಅಲ್ಲಿಯ ರಾಜಕೀಯ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕನಾದನು. ೧೮೯೫ರ ವರೆಗೂ ಆ ಪದವಿಯಲ್ಲಿದ್ದನು. ಶಿಷ್ಯಪರಂಪರೆಯೂ ದೊಡ್ಡದು. ಜರ್ಮನಿಯ ಸ್ಟಾಕ್‌ಹೌಸೆನ್, ಆಂಗ್ಲ ದೇಶದ ಸ್ಯಾಂಟ್ಲಿ, ತಾನೇ ಮಹಾ ಗುರುವೆನಿಸಿ ಮೆಲ್ಬಾ ಎಂಬ ಪ್ರಸಿದ್ಧ ಗಾಯಕಿಯನ್ನು ತಿದ್ದಿದ ಮಥಿಲ್ಡೆ ಮಾರ್ಕೇಸಿ, ಇವರೆಲ್ಲ ಈತನಲ್ಲಿ ಕಲಿತವರು.

ಇಷ್ಟಾದರೂ ಒಂದು ಕೊರತೆಯು ಆತನನ್ನು ಬಾಧಿಸುತ್ತಲೇ ಇದ್ದಿತು. ಸತ್ತ ಕಂಠವನ್ನು ಎಷ್ಟು ಕೊಯ್ದು ನೋಡಿದರೂ ಅದು ಹಾಡುವುದಿಲ್ಲ. ಹಾಡುವ ಕಂಠವು ಕಣ್ಣಿಗೆ ಬೀಳುವುದಿಲ್ಲ. ನಾದವು ನಾಭಿ, ಹೃದಯ, ಕಂಠ, ಮೂರ್ಧಗಳಲ್ಲಿ ಏರಿ ಬರುವ ಕ್ರಮವನ್ನು ನಮ್ಮ ಶಾಸ್ತ್ರಕಾರರು ಒಳದೃಷ್ಟಿಯಿಂದ ವಿವರಿಸಿದರು. ಗಾರ್ಸಿಯಾನಿಗೆ ಹೊರಗಣ್ಣಿನಿಂದಲೇ ಕಾಣಬೇಕೆಂಬ ಹಟ. ೧೮೫೪ರ ಸೆಪ್ಟೆಂಬರ್ ತಿಂಗಳಲ್ಲಿ ಪಾರಿಸಿನ ರಾಜಭವನದ ಉದ್ಯಾನದಲ್ಲಿ ಅಡ್ಡಾಡುತ್ತಿರುವಾಗ, ಕಿಟಕಿಯ ಗಾಜುಗಳಲ್ಲಿ ಬಿಸಿಲು ಥಳಥಳಿಸಿದುದನ್ನು ಕಂಡು ಆತನಿಗೆ ಉಪಾಯವು ಹೊಳೆಯಿತು. ಒಂದು ಕನ್ನಡಿಯಿಂದ ಬೆಳಕನ್ನು ಒಳಗೆ ಬೀಳಿಸಿ, ಇನ್ನೊಂದರಲ್ಲಿ ಒಳಗಿನ ಪ್ರತಿಬಿಂಬವನ್ನು ನೋಡಬಾರದೇಕೆ? ಕೂಡಲೇ ಶಾರ್ರಿಯೇರ್ ಎಂಬ ಉಪಕರಣ ವ್ಯಾಪಾರಿಯ ಅಂಗಡಿಗೆ ಹೋಗಿ, ಉದ್ದ ಹಿಡಿಕೆಯ ದಂತವೈದ್ಯರ ಕನ್ನಡಿಯೊಂದನ್ನು ಆರು ಫ್ರಾಂಕ್ ಕೊಟ್ಟು ಕೊಂಡು ತಂದನು. ಉಸಿರಿನ ಹಬೆಯು ಕಟ್ಟದಂತೆ ಅದನ್ನು ಬಿಸಿನೀರಿನಲ್ಲಿ ಕಾಯಿಸಿ ಒರಸಿ, ಕಿರುನಾಲಗೆಗೆ ತಗುಲಿಸಿ ಹಿಡಿದು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದನು. ತನ್ನದೇ ಕಂಠದ ಬಾಯಿಯು ಆತನಿಗೆ ಕಂಡಿತು. ಉಸಿರಾಡುವಾಗ ಎರಡು ಸ್ವರಪಟಲಗಳು ಬೇರೆಯಾಗಿ ನಿಲ್ಲುವುದೂ, ಸ್ವರವೆತ್ತಿದೊಡನೆ ಹತ್ತಿರ ಸರಿದು ಕೂಡಿಕೊಳ್ಳುವುದೂ ಕಣ್ಣಿಗೆ ಬಿದ್ದುವು. ಶ್ವಾಸವಾಯುವನ್ನು ಆ ಪಟಲಗಳು ಎಡೆಬಿಡದೆ ತಡೆದು ಬಿಡುವುದರಿಂದಲೇ ಧ್ವನಿಯು ಉಂಟಾಗುವುದೆಂದು ಆತನು ನಿರ್ಣಯಿಸಿದನು. ಯಾವ ಕಂಠವು ಸಣ್ಣ ವಯಸ್ಸಿನಲ್ಲಿ ತನ್ನ ಒಡೆಯನನ್ನು ಕೈಬಿಟ್ಟಿತೋ ಅದೇ ಕಂಠವು ಐವತ್ತರ ಹೊಸ್ತಿಲಲ್ಲಿ ತನ್ನ ಗುಟ್ಟನ್ನು ಅವನಿಗೆ ಬಿಟ್ಟುಕೊಟ್ಟಿತು.

ಇದಕ್ಕೆ ಮೊದಲು ಇಂಥ ಯತ್ನಗಳು ನಡೆದಿರಲಿಲ್ಲವೆಂದಲ್ಲ. ಲಂಡನ್ನಿನ ವೈದ್ಯನಾದ ಬ್ಯಾಬಿಂಗ್ಟನ್ ೧೮೨೯ರಲ್ಲಿಯೇ ಅಂಥ ಕನ್ನಡಿಯೊಂದನ್ನು ತೋರಿಸಿದ್ದನು. ಆದರೆ ಹಾಡುವ ಕಂಠದ ವ್ಯಾಪಾರವನ್ನು ಆದ್ಯಂತವಾಗಿ ನೋಡಿ ಬರೆದವರು ಇರಲಿಲ್ಲ. ಗಾರ್ಸಿಯಾನ ಲೇಖನವು ೧೮೫೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿದ್ವತ್ಸಭೆಯ ಮುಂದೆ ಬಂದಿತು. ಹಾಡಿನ ಮೇಷ್ಟ್ರ ಆಟಿಕೆಯೆಂದು ವೈದ್ಯರಲ್ಲಿ ಅನೇಕರು ಉಪೇಕ್ಷಿಸಿದರು. ಎರಡು ವರ್ಷಗಳ ಮೇಲೆ ವಿಯೆನ್ನಾದ ಟ್ಯೂರ್ಕ್ ಎಂಬ ವೈದ್ಯನು ಅಂಥ ಕನ್ನಡಿಯನ್ನು ರೋಗಿಗಳಲ್ಲಿ ಉಪಯೋಗಿಸಿದನು. ಚಳಿಗಾಲದಲ್ಲಿ ಬಿಸಿಲು ಸಾಲದೆ ಆ ಕೆಲಸವು ನಿಲ್ಲಲು, ಚೆರ್ಮಾಕ್ ಎಂಬಾತನು ಆ ಕನ್ನಡಿಗಳನ್ನು ಕಡ ತಂದು ದೀಪದ ಬೆಳಕಿನಿಂದ ನೋಡುವ ಕ್ರಮವನ್ನು ಕಂಡುಹಿಡಿದನು. ಕೀರ್ತಿಯು ಯಾರದೆಂದು ಇವರಿಬ್ಬರಿಗೂ ದೊಡ್ಡ ಜಗಳವೇ ನಡೆಯಿತು. ಮೊದಲು ಕಂಡವನು ಆ ಜಗಳದಲ್ಲಿ ಸೇರದೆ ಲಂಡನ್ನಿನಲ್ಲಿ ಪಾಠ ಹೇಳುತ್ತಲಿದ್ದನು. ೧೮೬೨ರಲ್ಲಿ ಜರ್ಮನಿಯ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯವು ಆತನಿಗೆ ಗೌರವಾರ್ಥವಾಗಿ ವೈದ್ಯ ಪದವಿಯನ್ನು ಕೊಟ್ಟಿತು.

ಶಾಸ್ತ್ರವನ್ನು ಬಲ್ಲವನ ಮಾತೂ ಅಪಾರ್ಥಕ್ಕೆ ಗುರಿಯಾಗದೆ ಇರಲಿಲ್ಲ. ಸ್ವರವನ್ನು ಆರಂಭಿಸುವಾಗ ಕಂಠದ್ವಾರವು ಹಗುರಾಗಿ, ಖಚಿತವಾಗಿ ಮುಚ್ಚಿ ತೆರೆಯಬೇಕೆಂದು ಆತನು ಹೇಳಿದುದನ್ನು ಕೆಲವು ಉಪಾಧ್ಯಾಯರು ಕಂಠಕ್ಕೆ ಪೆಟ್ಟು ಕೊಡುವುದೆಂದು ಗ್ರಹಿಸಿ, ಕೆಮ್ಮಿದಂತೆ ಸ್ವರವೆತ್ತಲು ಕಲಿಸಿದರು. ೧೮೯೪ರ ತನ್ನ ಪುಸ್ತಕದಲ್ಲಿ ಆತನು ಇದನ್ನು ತಿದ್ದಿ ಬರೆಯಬೇಕಾಯಿತು. ಕನ್ನಡಿಯನ್ನು ಕಂಡುಹಿಡಿದವನಾದರೂ ಶಿಷ್ಯರ ಬಾಯೊಳಗೆ ಅದನ್ನು ಇಟ್ಟು ಪಾಠ ಹೇಳುವ ಪದ್ಧತಿಯನ್ನು ಆತನು ಬೆಳೆಯಿಸಲಿಲ್ಲ. ಮುಪ್ಪಿನಲ್ಲಿ ಹೊಸ ಹೊಸ ವಾದಗಳಿಗಿಂತ ಪ್ರಕೃತಿಯನ್ನು ಅನುಸರಿಸುವುದೇ ಲೇಸೆಂದು ಹೇಳುತ್ತಿದ್ದನು.

ಒಬ್ಬ ಗಾರ್ಸಿಯಾನಲ್ಲಿ ಕೂಡಿದ್ದ ವೃತ್ತಿಗಳು ಇಂದು ಬೇರೆ ಬೇರೆಯಾಗಿವೆ. ಕಂಠವೈದ್ಯನು ಒಬ್ಬನು, ವಾಕ್ ಮತ್ತು ಧ್ವನಿಯ ಚಿಕಿತ್ಸಕನು ಇನ್ನೊಬ್ಬನು, ಸಂಗೀತಗುರುವು ಮತ್ತೊಬ್ಬನು. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಂಥ ಚಿಕಿತ್ಸಕರು ತಯಾರಾಗುತ್ತಾರೆ. ಪುರಾಣ ಪ್ರವಚನಗಳಿಂದ ಕಂಠವನ್ನು ಸವೆಸಿಕೊಂಡವರು ಕಷಾಯವೊಂದನ್ನೇ ನಂಬಿ ಕೂಡದೆ ಅಂಥವರ ಬಳಿಗೆ ಹೋಗುವುದು ಉಚಿತ.

೧೯೦೫ರ ಮಾರ್ಚ್ ೧೭ರಂದು ಗಾರ್ಸಿಯಾನಿಗೆ ನೂರು ತುಂಬಿತು. ಲಂಡನ್ನಿನ ಕಂಠವೈದ್ಯರು ಮುಂದಾಗಿ ನಿಂತು ಮಹೋತ್ಸವವನ್ನು ನೆರವೇರಿಸಿದರು. ಏಳನೆಯ ಎಡ್ವರ್ಡ್ ದೊರೆಯು ಆತನನ್ನು ಅರಮನೆಗೆ ಕರೆಯಿಸಿ ಬಿರುದನ್ನು ಕೊಟ್ಟನು. ಸ್ಪೇನಿನ ರಾಜನೂ ಜರ್ಮನ್ ಚಕ್ರವರ್ತಿಯೂ ಸನ್ಮಾನಗಳನ್ನು ಕಳುಹಿದರು. ಸಾರ್ಜೆಂಟ್ ಎಂಬ ಪ್ರಸಿದ್ಧ ಚಿತ್ರಕಾರನು ಬರೆದ ಆತನ ಭಾವಚಿತ್ರವನ್ನು ಅಂದು ಒಪ್ಪಿಸಲಾಯಿತು. ನೆರೆದ ಸಭೆಯಲ್ಲಿ ವೈದ್ಯರೂ ಗಾಯಕರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಮುಂದಿನ ವರ್ಷ ಜುಲೈ ೧ರಂದು ಲಂಡನ್ನಿನ ತನ್ನ ಮನೆಯಲ್ಲಿ ಆತನು ದೇಹವನ್ನು ಬಿಟ್ಟನು.